ಆನೆಯನ್ನೇ ಆರಿಸಿಕೊಂಡ ಬೆಳ್ಳಕ್ಕಿ

ಜೂನ್ ಎಂಟು, ಸೋಮವಾರ. ಬೆಳಿಗ್ಗೆ ಮೋಡ, ಮಧ್ಯಾಹ್ನ ಒಳ್ಳೆಯ ಬಿಸಿಲು. ಕೆರೆಯ ಬೆಳ್ಳಕ್ಕಿಗಳಲ್ಲಿ ಹೊಸದಾಗಿ ರೆಕ್ಕೆ ಬಲಿತವರು ಆ ದಿನ ತಮ್ಮ ಸವಾರಿಯ ಪ್ರಾಣಿಯನ್ನೂ ವಾಸದ ಮರವನ್ನೂ ಆರಿಸಿಕೊಳ್ಳಬೇಕಿತ್ತು. ಒಮ್ಮೆ ಆರಿಸಿದರೆ ಮುಂದಿನ ಮಳೆಗಾಲದವರೆಗೆ ಬದಲಿಸುವಂತಿಲ್ಲ. ಎಲ್ಲಿ ಹೋದರೂ ಮೊದಲು ಬಂದವರಿಗೆ ಮೊದಲ ಜಾಗ. ಇದು ಅವರ ಕಟ್ಟಳೆ.

ಕೆರೆಯ ಎಮ್ಮೆ ಧವಳಿಯೆಂಬ ಎಳೆಯ ಬೆಳ್ಳಕ್ಕಿಯನ್ನು ಕರೆಯಿತು. "ನನ್ನ ಹೆಗಲು ಖಾಲಿ ಇದೆ, ಬಾರೇ. ನಾನು ಮೇಯುವಾಗ ಕಾಲಡಿಯಿಂದ ಏಳುವ ಹುಳವೆಲ್ಲ ನಿನ್ನದೇ."

"ಎಮ್ಮೆ ಮೇಲೆ ಕೂತರೆ ಯಾರು ಕತ್ತೆತ್ತಿ ನೋಡ್ತಾರೆ ಅತ್ತೆ? ನಾನು ಆನೆಯವಳು!" ಎಂದು ಧವಳಿ ಗುಡ್ಡದಾಚೆಯ ಆನೆಯತ್ತ ಹಾರಿದಳು. ಹುಟ್ಟಿದ ಮರವನ್ನು ಬಿಡಲು ಮನಸ್ಸಾಗದೆ ವಾಸವನ್ನು ಮಾತ್ರ ಕೆರೆಯಲ್ಲೇ ಇಟ್ಟುಕೊಂಡಳು.

ತಿಂಗಳಾಗುವಷ್ಟರಲ್ಲಿ ಸೊರಗಿ ಕಡ್ಡಿಯಾದಳು. ಒಂದು ಸಂಜೆ ಎಮ್ಮೆ ಅವಳನ್ನು ತಡೆದು ಕೇಳಿತು. ಅದರ ಹೆಗಲ ಮೇಲೆ ಧವಳಿಯ ಓರಗೆಯವಳೊಬ್ಬಳು ಹೊಟ್ಟೆ ತುಂಬಿ ತೂಕಡಿಸುತ್ತಿದ್ದಳು.

"ಆನೆಯ ಮೇಲಿಂದ ಲೋಕ ಹೇಗೆ ಕಾಣುತ್ತಮ್ಮಾ?"

"ಬೆನ್ನ ತುಂಬ ಹಿರಿಯರೇ ಅತ್ತೆ. ಅವರಲ್ಲಿ ಯಾರಾದರೂ ಬಾರದಿದ್ದರೆ ಕರೀತೀವಿ, ಬಂಡೆ ಮೇಲೆ ಕಾದಿರು ಅಂದರು."

"ಕರೆದರೇ?"

"ಇವತ್ತು ಕರೆದರು. ಆನೆ ಸ್ನಾನಕ್ಕೆಂದು ನೀರಿಗಿಳಿದು ಮಗ್ಗುಲಾಗುವ ಹೊತ್ತಿಗೆ ಹಿರಿಯರೆಲ್ಲ ಎದ್ದುಹೋದರು. ಬೆನ್ನು ಪೂರ್ತಿ ನಿನ್ನದೇ ಅಂದರು."

ನಗು ತಡೆಯಲು ಎಮ್ಮೆ ಮೂತಿಯನ್ನು ನೀರಿನಲ್ಲಿ ಅದ್ದಿತು. ಗುಳ್ಳೆಗಳೆದ್ದವು. "ಆಯಿತು, ದುಡಿಮೆಗೆ ಸಿಕ್ಕಿದ್ದೇನು?"

"ಆನೆಯ ಕಿವಿಗೆ ಅಂಟಿದ್ದ ಒಂದು ಮಿಡತೆ. ಗುಡ್ಡ ದಾಟಿ ಮನೆಗೆ ಬರುವಷ್ಟರಲ್ಲಿ ಅದೂ ಅರಗಿಹೋಯಿತು."