ಸದ್ದಿಲ್ಲದಮ್ಮನ ಗಂಟೆ

ಹೊನ್ನಗೊಂದಿಯ ಕೋಟೆಬಾಗಿಲು ದಾಟಿ ಗುಡ್ಡದ ಮಗ್ಗುಲಿಗೆ ತಿರುಗಿದರೆ ಸದ್ದಿಲ್ಲದಮ್ಮನ ಗುಡಿ. ಬಾಗಿಲಲ್ಲಿ ತೂಗುವ ಕಂಚಿನ ಗಂಟೆ ಕುಂಬಳಕಾಯಿಯಷ್ಟು ದಪ್ಪ. ಆದರೆ ಅದರ ನಾಲಗೆಗೆ ಅರಿಶಿನದ ಬಟ್ಟೆ ಸುತ್ತಿದೆ. ಹೊಸಬರು ಹಗ್ಗ ಎಳೆದರೆ ಮೆತ್ತಗೆ ಗೊಣಗುತ್ತದೆ, ಅಷ್ಟೆ. ಇದರ ಹಿಂದಿನ ಸಂಗತಿಯನ್ನು ಓದುಬರಹ ಬಲ್ಲವರು ಬರೀ ಕಟ್ಟುಕತೆ ಎಂದುಕೊಂಡಿದ್ದರು. ಈಚೆಗೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹಳೆಯ ಇನಾಂ ಕಾಗದಗಳ ಕಟ್ಟು ಬಿಚ್ಚಿದಾಗ, ಗೆದ್ದಲು ತಿಂದು ಉಳಿದ ಒಂದು ಹಾಳೆಯಲ್ಲಿ ಹೀಗಿತ್ತು: 'ಗಂಟೆಯಮ್ಮನ ಪೂಜಾರಿ ಚಿತ್ತಯ್ಯನಿಗೆ, ಗಂಟೆ ಬಾರಿಸದೆ ಇದ್ದ ಸೇವೆಗಾಗಿ, ಕೆರೆ ಹಿಂದಿನ ಹೊಲ.' ಪಕ್ಕದಲ್ಲಿ ಆಮೇಲಿನ ಯಾವನೋ ಅಧಿಕಾರಿ ಕೆಂಪು ಶಾಯಿಯಲ್ಲಿ 'ಇದೆಂಥ ಸೇವೆ?' ಎಂದು ಬರೆದಿದ್ದಾನೆ. ಪಾಪ, ಊರೊಳಗೆ ಬಂದು ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ಹಿಂದೆ ಒಮ್ಮೆ ಇಲ್ಲಿ ಕಾಟಪ್ಪನಾಯಕನೆಂಬ ಪಾಳೆಗಾರನಿದ್ದ. ಮಧ್ಯಾಹ್ನದ ಪೂಜೆಯ ಗಂಟೆ ಕೋಟೆಗೆ ಕೇಳಿಸಿದ ಮೇಲೆಯೇ ಅವನು ತುತ್ತೆತ್ತುತ್ತಿದ್ದುದು. ಭಕ್ತಿ ದೊಡ್ಡದು, ಹಸಿವು ಅದಕ್ಕಿಂತ ಒಂದು ಕೈ ಮೇಲು. ತಡಮಾಡಿದ ಹಿಂದಿನ ಪೂಜಾರಿಯನ್ನು ಸೀಮೆ ದಾಟಿಸಿದ್ದನಂತೆ. ಹಾಗಾಗಿ ಚಿತ್ತಯ್ಯನಿಗೆ ಆ ಹಗ್ಗವೇ ಅನ್ನ, ಆ ಹಗ್ಗವೇ ಮನೆ. ಒಂದು ದಿನ ಅವನು ಆರತಿಗೆ ಬತ್ತಿ ಹೊಸೆಯುತ್ತಿದ್ದಾಗ ಕುರಿಹಟ್ಟಿಯ ಈರಕ್ಕ ಜ್ವರದ ಕೂಸನ್ನೆತ್ತಿಕೊಂಡು ಬಂದಳು. "ಅಯ್ಯಾ, ಮೊನ್ನೆಯಿಂದ ಕಣ್ಣು ಮುಚ್ಚಿಲ್ಲ, ಹಾಲು ಮುಟ್ಟಿಲ್ಲ. ಉಳಿಸಿದರೆ ಅಮ್ಮನೇ ಉಳಿಸಬೇಕು." ಚಿತ್ತಯ್ಯ ಕೂಸಿನ ಹಣೆಗೆ ಭಂಡಾರದ ಅರಿಶಿನ ಹಚ್ಚಿದ. ಅಮ್ಮನ ಮುಂದಿನ ತಣ್ಣನೆಯ ಕಲ್ಲಿನ ಮೇಲೆ ಕೂಸು ಒಮ್ಮೆ ಮುಲುಗಿ ನಿದ್ದೆಹೋಯಿತು. ಜ್ವರ ಇಳಿದು ಅದರ ಹಣೆಯಲ್ಲಿ ಬೆವರು ಮೂಡಿತು. ಆಗಲೇ ಪೂಜೆಯ ಹೊತ್ತು. ಹಗ್ಗಕ್ಕೆ ಕೈ ಹಾಕಿದ ಚಿತ್ತಯ್ಯ ಅಮ್ಮನ ಮುಖ ನೋಡಿದ. ಮಲಗಿದ ಮಗುವನ್ನು ಎಬ್ಬಿಸೆಂದು ಯಾವ ತಾಯಿ ಹೇಳಿಯಾಳು? ಹಗ್ಗ ಬಿಟ್ಟು, ತಲೆಯ ರುಮಾಲು ಬಿಚ್ಚಿ, ಗಾಳಿಗೂ ನುಡಿಯದಂತೆ ಗಂಟೆಯ ನಾಲಗೆಗೆ ಸುತ್ತಿಬಿಟ್ಟ.

ಕೋಟೆಯಲ್ಲಿ ಎಲೆಯ ಮುಂದೆ ಕೂತ ನಾಯಕನ ಅನ್ನ ಆರಿತು, ಸಾರು ಆರಿತು. ಕೊನೆಗೆ ಕುದುರೆ ಹತ್ತಿ ಬಂದೇಬಿಟ್ಟ. "ಎಲ್ಲಿ ಸತ್ತನೋ ಆ ಚಿತ್ತ!" ಎಂದು ಬಾಗಿಲಲ್ಲಿ ಗುಡುಗಿದ. ಚಿತ್ತಯ್ಯ ಕಾಲಿಗೆ ಬಿದ್ದು ಪಿಸುಗುಟ್ಟಿದ, "ಮೆಲ್ಲಗೆ ಒಡೆಯಾ, ಅಮ್ಮ ಈಗಷ್ಟೇ ಮಲಗಿಸಿದ್ದಾಳೆ." ನಾಯಕ ಒಳಗೆ ಇಣುಕಿದ. ದನಿ ತಾನಾಗಿ ಇಳಿಯಿತು. "ಹಂಗಾದರೆ ನನ್ನ ಊಟ?"

"ಕೂಸು ಏಳಲಿ, ಒಡೆಯಾ."

"ಅದು ಯಾವಾಗ ಏಳುತ್ತೋ?"

"ಅಮ್ಮನನ್ನೇ ಕೇಳಬೇಕು."

"ನಿಮ್ಮ ಕುದುರೆಗೂ ಸುಮ್ಮನಿರೋಕೆ ಹೇಳಿ ಬುದ್ಧಿ," ಎಂದಳಂತೆ ಈರಕ್ಕ. ಅಷ್ಟು ದೊಡ್ಡ ಮೀಸೆಯ ನಾಯಕ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಹೊತ್ತು ವಾಲಿದಾಗ ಕೂಸು ಕಣ್ಣುಬಿಟ್ಟು ಗುಡಿಯ ಸೂರು ಹಾರುವಂತೆ ಅತ್ತಿತು. ಅದು ನೋವಿನ ಅಳುವಲ್ಲ, ಹಸಿವಿನದು. ಎದೆಗೊತ್ತಿಕೊಂಡ ಈರಕ್ಕ ನಗುತ್ತ ಕಣ್ಣೀರಿಟ್ಟಳು. ನಾಯಕ ಎದ್ದು ಅಮ್ಮನಿಗೆ ಕೈಮುಗಿದು, "ಗಂಟೆ ಹೊಡೀತು, ಬಡಿಸ್ರೋ!" ಎಂದ. ಗುಡಿಯ ಪ್ರಸಾದವನ್ನೇ ಉಂಡು, ಕೈ ತೊಳೆಯುವ ಮೊದಲೇ ಚಿತ್ತಯ್ಯನಿಗೆ ಹೊಲ ಬಿಟ್ಟುಕೊಟ್ಟ. ಅಂದಿನಿಂದ ಗಂಟೆಯಮ್ಮ ಸದ್ದಿಲ್ಲದಮ್ಮನಾದಳು ಎನ್ನುತ್ತಾರೆ.

ಇಂದಿಗೂ ಇಲ್ಲಿ ಅಡಿಗೆ ಸಿದ್ಧವಾದ ಮಾತ್ರಕ್ಕೆ ಬಡಿಸುವುದಿಲ್ಲ. ಎಲೆ ಹಾಕಿಕೊಂಡ ಭಕ್ತರು ಕೂಸೊಂದರ ಅಳು ಕೇಳುವವರೆಗೆ ಪಿಸುಮಾತಿನಲ್ಲಿ ಕಾಯುತ್ತಾರೆ. ಎಲ್ಲೋ ಒಂದು ಕೂಸು ಅತ್ತೇ ಅಳುತ್ತದೆ. ಅಮ್ಮ ಯಾರನ್ನೂ ಬಹಳ ಹೊತ್ತು ಹಸಿವಿನಲ್ಲಿ ಕೂರಿಸಿದವಳಲ್ಲ. ಅದರ ತಾಯಿ ನಾಚಿಕೊಂಡು ಬಾಯಿ ಮುಚ್ಚಿಸಲು ಹೋದರೆ ಸಾಲಿನಲ್ಲಿ ಕೂತ ಮುದುಕರು ಬಿಡುವುದಿಲ್ಲ: "ಅಳಲಿ ಬಿಡವ್ವಾ, ನಮಗೂ ಹಸಿವಾಗಿದೆ!"