ಕ್ಲಚ್ ಹಿಡಿದರೆ ಮಾತ್ರ ಸ್ಟಾರ್ಟ್ ಆಗುವ ಬೈಕು

ಗೌಂಡಿ ಫಕೀರಪ್ಪನ ಕಿಕ್ಕರ್ ಇಲ್ಲದ ಬೈಕಿಗೆ ಒಂದು ಕಾಯಿಲೆ ಇತ್ತು. ನ್ಯೂಟ್ರಲ್‌ನಲ್ಲಿಟ್ಟು ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ನ್ಯೂಟ್ರಲ್ ಬಂತೆಂದು ತೋರಿಸುವ ಹಸಿರು ದೀಪವೂ ಹತ್ತುತ್ತಿರಲಿಲ್ಲ. ಇಂಜಿನ್ ಕೆಳಗೆ ಸಣ್ಣ ವೈರೊಂದು ಕಡಿದಿದೆ, ನೀನು ಚಹಾ ಕುಡಿದು ಬರುವುದರೊಳಗೆ ಜೋಡಿಸಿಡುತ್ತೇನೆ ಎಂದು ಮೆಕ್ಯಾನಿಕ್ ಹೇಳಿದ್ದ. ಕ್ಲಚ್ ಹಿಡಿದು ಒತ್ತಿದರೆ ಆಗುತ್ತದಲ್ಲ, ಮತ್ತೇಕೆ ಎಂದು ಫಕೀರಪ್ಪ ಹಾಗೇ ಮನೆಗೆ ಬಂದ. ನಾಲ್ಕು ದಿನದಲ್ಲಿ ಅವನ ಎಡಗೈ ತಾನಾಗಿಯೇ ಕ್ಲಚ್ ಹಿಡಿಯಲು ಕಲಿಯಿತು. ಅಷ್ಟು ಜಾಣ ಕೈ ಅದು. ಬೈಕು ಕೆಟ್ಟಿದೆ ಎನ್ನುವುದೇ ಅವನಿಗೆ ಮರೆತುಹೋಯಿತು.

ಹೆಂಡತಿ ನೀಲವ್ವನಿಗೆ ಬೈಕು ಕಲಿಸಿದವನೂ ಅವನೇ. ಹಸಿರು ದೀಪ ಹತ್ತದೆ ಬಟನ್ ಮುಟ್ಟಬೇಡ ಎಂದು ಆಗ ಪಾಠ ಮಾಡಿದ್ದ. ದೀಪ ಕೆಟ್ಟ ಮೇಲೆ ಅವಳು ಓಡಿಸಿದ್ದೆಲ್ಲ ಗಂಡನನ್ನು ಹಿಂದೆ ಕೂರಿಸಿಕೊಂಡೇ. ಆಗೆಲ್ಲ ಅವನೇ ಸ್ಟಾರ್ಟ್ ಮಾಡಿ ಹಿಂದಕ್ಕೆ ಸರಿಯುತ್ತಿದ್ದ. ಹೆಂಡತಿಗೆ ಉಪಕಾರ ಮಾಡಿದೆನೆಂಬ ಜಂಬ ಬೇರೆ.

ಒಂದು ಮಧ್ಯಾಹ್ನ ಅವರ ಪುಟ್ಟ ಮಗಳು ಅಂಬಿಕಾಗೆ ಹೆಜ್ಜೇನು ಕಡಿದವು. ಮುಖ ಊದಿತು, ಉಸಿರು ಸುಯ್‌ಗುಟ್ಟತೊಡಗಿತು. ಆಂಬ್ಯುಲೆನ್ಸ್ ಬರುವುದು ತಡವಂತೆ. ಊರಿನ ಗಾಡಿಗಳೆಲ್ಲ ಹೊರಗೆ ಹೋಗಿದ್ದವು. ಫಕೀರಪ್ಪ ಊರಾಚೆ ಗೋಡೆ ಕಟ್ಟುತ್ತಿದ್ದ, ಫೋನು ಎತ್ತಲಿಲ್ಲ. ನೆರೆಮನೆಯ ಗಂಗವ್ವ ಅವನನ್ನು ಕರೆಯಲು ಓಡಿದಳು. ನೀಲವ್ವ ಕಾಯಲಿಲ್ಲ, ಮಗುವನ್ನು ಸೀರೆಯಿಂದ ಬೆನ್ನಿಗೆ ಕಟ್ಟಿಕೊಂಡು ಬೈಕು ಹತ್ತಿದಳು.

ಹಸಿರು ದೀಪ ಇಲ್ಲ. ಗೇರಿನಲ್ಲಿರಬೇಕು ಎಂದು ಪೆಡಲ್ ಒತ್ತಿದಳು, ಎತ್ತಿದಳು. ದೀಪ ಹತ್ತಲಿಲ್ಲ. ಗಾಡಿ ತಳ್ಳಿ ನೋಡಿದರೆ ಸಲೀಸಾಗಿ ಉರುಳಿತು. ಧೈರ್ಯ ಮಾಡಿ ಬಟನ್ ಒತ್ತಿದಳು. ಸದ್ದೇ ಇಲ್ಲ. ಪೆಟ್ರೋಲ್ ಇತ್ತು. ಕೀ, ಇಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ಚು, ಸ್ಟ್ಯಾಂಡು ಎಲ್ಲ ಸರಿ ಇದ್ದವು. ತಪ್ಪು ತನ್ನದೇ ಎಂದುಕೊಂಡು ಮತ್ತೆ ಮೊದಲಿನಿಂದ ನ್ಯೂಟ್ರಲ್ ಹುಡುಕಿದಳು. ಬೆನ್ನ ಮೇಲಿನ ಉಸಿರು ಸಣ್ಣದಾಗುತ್ತಿತ್ತು. ಮಗಳ ಹೆಸರು ಹಿಡಿದು ಕರೆದಳು. ಹೂಂ ಎನ್ನಲಿಲ್ಲ.

ಅಷ್ಟರಲ್ಲಿ ಫಕೀರಪ್ಪ ಏದುಸಿರು ಬಿಡುತ್ತ ಬಂದು ಹ್ಯಾಂಡಲ್ ಹಿಡಿದ. ಸಿಮೆಂಟು ಮೆತ್ತಿದ ಎಡಗೈ ಕ್ಲಚ್ ಅದುಮಿತು, ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನೀಲವ್ವ ಅದನ್ನು ನೋಡಿದಳು.

ಮಗು ಉಳಿಯಿತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫಕೀರಪ್ಪ ವೈರಿನ ಕಥೆ ಬಿಚ್ಚಿದ. ಅಷ್ಟು ಸಣ್ಣದನ್ನು ಏನು ಹೇಳುವುದು ಎಂದು ಸುಮ್ಮನಿದ್ದೆ ಎಂದ. ನೀಲವ್ವ ಬೈಯಲಿಲ್ಲ.

"ನಿಮ್ಮ ಕೈಗೆ ರೂಢಿ ಆಗಿತ್ತು, ಅದಕ್ಕ ನಿಮಗ ಅದು ಸಣ್ಣದು," ಎಂದಳು. "ನಾ ನೀವು ಕಲಿಸಿದ್ದನ್ನ ಮಾಡಕೋತ ನಿಂತಿದ್ದೆ. ಅಕಿ ನನ್ನ ಬೆನ್ನ ಮ್ಯಾಲ ಇದ್ಳು."

ಮರುದಿನ ಫಕೀರಪ್ಪ ಮೊದಲು ಬೈಕನ್ನು ಮೆಕ್ಯಾನಿಕ್ ಬಳಿ ಒಯ್ದ, ಆಮೇಲೆ ಕೆಲಸಕ್ಕೆ ಹೋದ.

ನೀತಿ: ಕುಂದು ರೂಢಿಯಾದ ಮಾತ್ರಕ್ಕೆ ಸರಿಹೋದ ಹಾಗಲ್ಲ. ಅದನ್ನು ಬೇಗ ಸರಿಪಡಿಸಬೇಕು. ಸರಿಪಡಿಸುವ ತನಕ, ನಮ್ಮನ್ನು ನಂಬಿದವರಿಗೆ ಬಾಯಿಬಿಟ್ಟು ಹೇಳಬೇಕು.