ಕಪ್ಪಾಗದ ಎಣ್ಣೆ

ಮಲಪ್ರಭೆಯ ದಂಡೆಯಲ್ಲೊಂದು ಮಠ. ಮಠಕ್ಕೆ ಒಬ್ಬರು ಅಜ್ಜಾರು, ಅಜ್ಜಾರಿಗೆ ಹತ್ತಾರು ಶಿಷ್ಯರು, ಎಲ್ಲರ ಗಂಟಲು ತೋಯಿಸಲು ಒಂದು ಹಳೆಯ ಡೀಸೆಲ್ ಎಂಜಿನ್.

ಹೊಳೆಯಿಂದ ನೀರೆತ್ತುವ ಆ ಎಂಜಿನ್ ನೋಡಿಕೊಳ್ಳುತ್ತಿದ್ದವನು ಹುಚ್ಚೀರಪ್ಪ. ಮಂತ್ರ ಅವನ ತಲೆಗೆ ಹತ್ತಲಿಲ್ಲ, ಎಂಜಿನ್ ಹತ್ತಿತು. ಹತ್ತೊಂಬತ್ತು ವರ್ಷ ಅದರ ಜೊತೆಗೇ ಕಳೆದಿದ್ದ. ಎಂಜಿನ್ ಕೋಣೆಯ ಕೀಲಿ ಬಿಟ್ಟರೆ ತನ್ನದು ಅನ್ನುವ ವಸ್ತು ಅವನಿಗೆ ಇನ್ನೊಂದಿರಲಿಲ್ಲ.

ಒಂದು ಬೆಳಿಗ್ಗೆ ಚಂಬಣ್ಣ ಸಾಹುಕಾರರು ಜೀಪಿನಿಂದ ಇಳಿದರು. ಕೈಯಲ್ಲಿ ಮಿರಮಿರ ಮಿಂಚುವ ಬಾಟಲಿ. ಅವರದೇ ಕಾರ್ಖಾನೆಯ ಮಾಲು.

“ಎಂಜಿನ್ ಎಣ್ಣಿ ಒಳಗ ಇದೊಂದು ಬಾಟ್ಲಿ ಕೂಡಿಸ್ರಿ ಅಜ್ಜಾರ. ಎಂಜಿನ್ ಆಯುಷ್ಯ ದುಪ್ಪಟ್ಟಾಗತೈತಿ. ಎಣ್ಣಿ ಬದಲಿ ಮಾಡೋ ತ್ರಾಸೇ ಇಲ್ಲ. ಬಾಟ್ಲಿ ಮ್ಯಾಲೆ ತಮ್ಮದೊಂದು ಫೋಟೋ ಹಚ್ಚಾಕ ಅಪ್ಪಣಿ ಕೊಟ್ರ, ಮಠಕ್ಕ ದಾಸೋಹದ ಮನಿ ಕಟ್ಟಿಸಿಕೊಡತೇನಿ.”

ಅಜ್ಜಾರು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು.

“ಹುಚ್ಚೀರಾ, ಹಾಕಪಾ.”

“ಹಾಕಂಗಿಲ್ರಿ.”

ಅಲ್ಲಿದ್ದವರು ಕಣ್ಣು ಕಣ್ಣು ಬಿಟ್ಟರು. ದೊಡ್ಡವರ ಮುಂದೆ ಇಲ್ಲ ಅನ್ನುವವನಿಗೆ ನಮ್ಮಲ್ಲಿ ಹುಚ್ಚ ಅನ್ನುತ್ತಾರೆ. ಇವನಿಗೆ ಆ ಹೆಸರು ತೊಟ್ಟಿಲಲ್ಲೇ ಇಟ್ಟಿದ್ದರಿಂದ ಜನಕ್ಕೆ ಆ ಶ್ರಮ ಉಳಿಯಿತು.

ಎಣ್ಣೆ ವಿಷಯಕ್ಕೆ ಮಠದಲ್ಲಿ ಜಗಳವಂತೆ ಎಂಬ ಸುದ್ದಿ ಊರಿಗೆ ಮುಟ್ಟಿತು. ಕೆಲವರು ಬೇರೆಯೇ ಎಣ್ಣೆ ಅಂದುಕೊಂಡು ಓಡಿ ಬಂದರು. ಬಂದವರು ಬಾಟಲಿ ನೋಡಿ ನಿರಾಶರಾದರೂ ಜಗಳ ಬಿಟ್ಟು ಹೋಗಲಿಲ್ಲ.

“ಯಾಕೋ? ಹೊಸಾ ಎಣ್ಣಿ ಎಲ್ಲಾ ಸುಳ್ಳೇನು?” ಅಜ್ಜಾರು ಕೇಳಿದರು.

“ಸುಳ್ಳಲ್ರಿ. ಸಿಂಥೆಟಿಕ್ ಎಣ್ಣಿ ಛಲೋನ ಐತಿ. ಬಿಸಿಗೆ ಲಗೂನ ಕೆಡಂಗಿಲ್ಲ, ನಾಕು ದಿನ ಜಾಸ್ತಿ ತಡೀತೈತಿ. ಆದ್ರ ಅದನ್ನೂ ವ್ಯಾಳ್ಯಾಕ್ಕ ಬದಲಿ ಮಾಡಬೇಕ್ರಿ. ಈ ಬಾಟ್ಲಿ ಮಾತು ಬ್ಯಾರೆ. ಎಣ್ಣಿ ಮಾಡಿದವರು ಅದಕ್ಕ ಬೇಕಾದ ಔಷಧ ಮೊದಲ ಕೂಡಿಸಿರತಾರ. ಹದಾ ಆದ ಸಾರಿಗೆ ಬಂದವರೆಲ್ಲ ಒಂದೊಂದು ಚಿಟಿಕಿ ಉಪ್ಪು ಹಾಕಿದ್ರ ಉಣ್ಣಾಕ ಬರತೈತೇನ್ರಿ?”

ಸಾಹುಕಾರರು ನಕ್ಕರು. ವಾದಕ್ಕೆ ಇಳಿಯಲಿಲ್ಲ. ಚಾಲಕನಿಗೆ ಹೇಳಿ ತಮ್ಮ ಜೀಪಿನ ಎಣ್ಣೆ ನೋಡುವ ಕಡ್ಡಿ ತರಿಸಿದರು. ಅದರ ತುದಿಯಲ್ಲಿ ಎಣ್ಣೆ ಜೇನುತುಪ್ಪದ ಬಣ್ಣಕ್ಕಿತ್ತು.

“ವರ್ಷಾತು ಬಾಟ್ಲಿ ಹಾಕಿ, ಎಣ್ಣಿ ಬದಲಿ ಮಾಡಿಲ್ಲ. ಈಗ ನಿಂದು ತೋರಸಪಾ.”

ಹುಚ್ಚೀರಪ್ಪ ತನ್ನ ಎಂಜಿನ್ನಿನ ಕಡ್ಡಿ ತಂದ. ಕಾಡಿಗೆಯಂತಹ ಕಪ್ಪು. ಜನ ಗೊಳ್ಳೆಂದು ನಕ್ಕರು. ಅವನ ಕಿವಿ ಬಿಸಿಯಾಯಿತು. ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಆದರೂ ಅವನು ಸಾಹುಕಾರರ ಕಡ್ಡಿಯನ್ನೇ ನೋಡುತ್ತ ನಿಂತ.

“ಸಾವಕಾರ್ರ, ಒಂದು ವರ್ಷದ ಮಸಿ ಎಲ್ಲಿ ಹೋತ್ರಿ?”

“ಮಸೀನ ಹುಟ್ಟಂಗಿಲ್ಲೋ!”

“ಬೆಂಕಿ ಹೊತ್ತಿದ ಮ್ಯಾಲೆ ಮಸಿ ಹುಟ್ಟದ ಒಲಿ ನಾ ನೋಡಿಲ್ಲ. ಮಸಿ ಹೊತ್ತು ಕಪ್ಪಾಗೋದ ಎಣ್ಣಿ ಕೆಲಸ. ಕಪ್ಪಾದ ಮ್ಯಾಲೆ ಬಸಿದು ಚೆಲ್ಲೋದು ನಮ್ಮ ಕೆಲಸ. ನಿಮ್ಮ ಜೀಪು ಓಡಿಲ್ಲ, ಇಲ್ಲಾ ನಿನ್ನೆ ಎಣ್ಣಿ ಬದಲಿ ಮಾಡೀರಿ. ಎರಡೂ ಅಲ್ಲಂದ್ರ, ಮಸಿ ಎಲ್ಲಾ ಎಂಜಿನ್ ಒಳಗ ಕುಂತೈತಿ.”

ಚಾಲಕ ಆಕಾಶ ನೋಡತೊಡಗಿದ. ಸಾಹುಕಾರರ ಮುಖ ಕೆಂಪಾಯಿತು.

ಹಿರಿಯ ಶಿಷ್ಯ ರೇವಯ್ಯನಿಗೆ ದಾಸೋಹದ ಮನೆ ಕೈತಪ್ಪುವುದು ಕಂಡಿತು. ಅವನು ಮುಂದೆ ಬಂದು ಕೈ ಚಾಚಿದ.

“ಬಾಟ್ಲಿ ಹಾಕು. ಇಲ್ಲಾ, ಕೀಲಿ ಕೊಟ್ಟು ಮಠಾ ಬಿಡು.”

ಹುಚ್ಚೀರಪ್ಪ ಸೊಂಟದ ಕೀಲಿಯ ಮೇಲೆ ಕೈಯಿಟ್ಟ. ಮಠ ಬಿಟ್ಟರೆ ಹೋಗಲು ಅವನಿಗೆ ಒಂದು ಜಗಲಿಯೂ ಇರಲಿಲ್ಲ. ಅಜ್ಜಾರ ಕಡೆ ನೋಡಿದ. ಅಜ್ಜಾರು ಇತ್ತ ತಿರುಗಲಿಲ್ಲ. ಅದರಿಂದ ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಅವನು ಹಿಂದೆ ಸರಿದು ಎಂಜಿನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತ.

“ಬಾಟ್ಲಿ ಹಾಕಂಗಿಲ್ಲ. ಕೀಲಿನೂ ಕೊಡಂಗಿಲ್ಲ. ಎತ್ತಿ ಒಗೀತೀರಿ, ಒಗೀರಿ.”

“ಅಜ್ಜಾರು ಹೇಳಿದ್ರೂ ಇಲ್ಲೇನು?”

“ಅಜ್ಜಾರು ಹೇಳಿದ್ರಂತ ಮಸಿ ಬೆಳ್ಳಗಾಗತೈತೇನು?”

ಆಗ ಅಜ್ಜಾರು ಎದ್ದರು. ನೇರ ಹುಚ್ಚೀರಪ್ಪನ ಹತ್ತಿರ ಬಂದು ಅವನ ಕೈಯಲ್ಲಿದ್ದ ಕಪ್ಪು ಕಡ್ಡಿ ತೆಗೆದುಕೊಂಡರು. ತಾವು ಹೊದ್ದಿದ್ದ ಕಾವಿ ಶಾಲಿನ ಸೆರಗಿಗೆ ಅದನ್ನು ನಿಧಾನವಾಗಿ ಒರೆಸಿದರು. ಆ ಸೆರಗನ್ನು ಸಾಹುಕಾರರ ಮುಂದೆ ಹಿಡಿದರು.

“ಫೋಟೋ ಬೇಕಂದ್ರಲ್ಲ ಚಂಬಣ್ಣಾ. ಇದರದು ತಗೀರಿ.”

ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಅಜ್ಜಾರು ಕಡ್ಡಿಯನ್ನು ಹುಚ್ಚೀರಪ್ಪನಿಗೆ ಹಿಂದಕ್ಕೆ ಕೊಟ್ಟರು. “ಎಂಜಿನ್ ಚಾಲೂ ಮಾಡು ಹೋಗು. ದನ ನೀರಿಗೆ ನಿಂತಾವು.”

ಹುಚ್ಚೀರಪ್ಪ ಕಡ್ಡಿ ತೆಗೆದುಕೊಂಡ. ಕಣ್ಣೊರೆಸಿಕೊಂಡ, ಕೈಯ ಕಪ್ಪೆಲ್ಲ ಮುಖಕ್ಕಾಯಿತು.

ರೇವಯ್ಯ ಮಾತ್ರ ತಡೆಯಲಾರದೆ ಹೋದ. “ಈ ಹುಚ್ಚ ಮಠದ ಮುಖಕ್ಕ ಮಸಿ ಬಳದನಲ್ರಿ ಅಜ್ಜಾರ! ನಾವು ಇಷ್ಟು ಮಂದಿ ಇದ್ದೇವಿ. ಇಷ್ಟು ವರ್ಷದಾಗ ಒಮ್ಮೆರೆ ನಿಮ್ಮ ಮಾತಿಗೆ ಇಲ್ಲ ಅಂದೇವೇನ್ರಿ? ಮನಸಿಗೆ ಬರಲಿ, ಬಿಡಲಿ, ಹೂಂ ಅಂತನ ಬಂದೇವಿ.”

ಅಜ್ಜಾರು ಅವನ ಕಡೆ ತಿರುಗಿದರು.

“ಹಂಗಾರ ನಿಮ್ಮ ಮಸಿ ಎಲ್ಲಿ ಹೋತು, ರೇವಯ್ಯಾ?”